ಮನೆಗೊಬ್ಬರು

ಕಂಬಳಿ ಮಿಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದ ಮನೆಗಳು ಹತ್ತಾರಿದ್ದವು. ಅಂಥವರನ್ನೆಲ್ಲ ಒಂದು ಶುಕ್ರವಾರ ಊಟದ ಹಾಲಿಗೆ ಕರೆಸಿ ಮ್ಯಾನೇಜರು ವಿಷಯ ಹೇಳಿದರು. ಆರ್ಡರು ಕಡಿಮೆಯಾಗಿದೆ, ಎಲ್ಲರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ, ಆದರೂ ಯಾವ ಮನೆಯ ಒಲೆಯೂ ಪೂರ್ತಿ ಆರಬಾರದೆಂದು ಮಾಲೀಕರ ಆಸೆ. ಆದ್ದರಿಂದ ಮನೆಗೊಬ್ಬರು ಉಳಿಯಬಹುದು. ಯಾರು ಎಂಬುದನ್ನು ನೀವೇ ಮನೆಯಲ್ಲಿ ತೀರ್ಮಾನಿಸಿಕೊಂಡು ಸೋಮವಾರ ತಿಳಿಸಿ. ಇಷ್ಟನ್ನೂ ಹೇಳುವಾಗ ಮ್ಯಾನೇಜರು ಯಾರ ಮುಖವನ್ನೂ ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನೇ ನೋಡುತ್ತಿದ್ದರು.

ಹಾಲಿನಿಂದ ಹೊರಗೆ ಬರುವಾಗ ಗೋದಾಮಿನಲ್ಲಿ ಮೂಟೆ ಹೊರುವ, ಎಲ್ಲರೂ ಮೀಸೆ ಎಂದೇ ಕರೆಯುವವನು, ‘ಕತ್ತಿ ಹಿಡಿಯೋ ಪಾಪಾನೂ ನಮ್ಮ ತಲೆಗೇ ಕಟ್ಟಿದ್ರಲ್ಲಪ್ಪ’ ಎಂದ. ಒಂದಿಬ್ಬರು ನಕ್ಕರು. ಮೇಸ್ತ್ರಿ ನಗಲಿಲ್ಲ. ಅವನ ಮನಸ್ಸಿನಲ್ಲಿ ತೀರ್ಮಾನ ಆಗಲೇ ಆಗಿಹೋಗಿತ್ತು.

ಮೇಸ್ತ್ರಿ ಬಣ್ಣದ ವಿಭಾಗದವನು. ಹುಡುಗನಾಗಿದ್ದಾಗಲೇ ಸೇರಿ, ತೊಟ್ಟಿ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಆ ವಿಭಾಗಕ್ಕೇ ಹಿರಿಯನಾಗಿದ್ದ. ಗಿರಾಕಿ ಕಳಿಸಿದ ಬಟ್ಟೆಯ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಇಷ್ಟು ನೀಲಿ, ಇಷ್ಟು ಕಪ್ಪು, ಚೂರು ಹಳದಿ ಎಂದು ಹೇಳಿದನೆಂದರೆ ಮುಗಿಯಿತು, ಉಗಿಯೇಳುವ ತೊಟ್ಟಿಯಿಂದ ಉಣ್ಣೆ ಅದೇ ಬಣ್ಣದಲ್ಲಿ ಮೇಲೇಳುತ್ತಿತ್ತು. ಅವನ ಹೆಂಡತಿ ಪ್ಯಾಕಿಂಗ್‌ನಲ್ಲಿದ್ದಳು. ಕಂಬಳಿ ಮಡಿಸುವುದು, ಚೀಟಿ ಹೊಲಿಯುವುದು, ಪ್ಲಾಸ್ಟಿಕ್ಕಿನೊಳಗೆ ತುಂಬುವುದು. ಇಬ್ಬರ ಸಂಬಳಕ್ಕೂ ಅಜಗಜಾಂತರ. ಯಾರನ್ನು ಕೇಳಿದ್ದರೂ ಅವನು ಉಳಿಯಲಿ, ಅವಳು ಬಿಡಲಿ ಎಂದೇ ಹೇಳುತ್ತಿದ್ದರು.

ಅವಳೂ ಅದನ್ನೇ ಹೇಳಿದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆಯೇ, ‘ನಾನು ಬಿಡ್ತೀನಿ ರೀ. ನನಗೂ ಸೊಂಟ ಸಾಕಾಗಿದೆ’ ಎಂದಳು.

‘ನೀನು ಬಿಟ್ರೆ ನಿನಗೆ ಇನ್ನೆಲ್ಲಿ ಸಿಗುತ್ತೆ? ಮಡಿಸೋ ಕೆಲಸಕ್ಕೆ ಯಾರು ಕಾಯ್ಕೊಂಡು ಕೂತಿದಾರೆ?’ ಎಂದ ಮೇಸ್ತ್ರಿ. ‘ನನ್ನ ಕೈಗೆ ಎಲ್ಲಿ ಬೇಕಾದ್ರೂ ಕೆಲಸ ಇದೆ. ನಾಳೆ ಹೊರಗೆ ಕಾಲಿಟ್ರೆ ನಾಡಿದ್ದು ಕರೀತಾರೆ. ಆಮೇಲೆ ಎರಡು ಸಂಬಳ ಹಾಗೇ ಇರುತ್ತೆ.’

‘ಇನ್ನೊಂದ್ಸಲ ಯೋಚನೆ ಮಾಡಿ.’

‘ಯೋಚನೆ ಏನು ಬಂತು ಇದರಲ್ಲಿ.’

ಕಾಲೇಜಿನ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳು ಅಪ್ಪನನ್ನು ಮೆಚ್ಚುಗೆಯಿಂದ ನೋಡಿದಳು. ಆ ನೋಟ ಅವನಿಗೆ ಹಿತವಾಗಿತ್ತು. ಸೋಮವಾರ ಅವನು ಮ್ಯಾನೇಜರ ಕೋಣೆಗೆ ಎದೆ ಸೆಟೆಸಿಕೊಂಡೇ ಹೋದ. ಮ್ಯಾನೇಜರು ಗಾಬರಿಯಾದರು. ‘ನೀವಾ? ನಾವು ಅಂದ್ಕೊಂಡಿದ್ದು...’ ಎಂದು ನಿಲ್ಲಿಸಿ, ಸ್ವಲ್ಪ ಹೊತ್ತು ಪೆನ್ನು ಕುಟ್ಟಿ, ‘ಸರಿ, ನಿಮ್ಮಿಷ್ಟ’ ಎಂದರು. ‘ನೀವು ಬಿಡಬೇಡಿ’ ಎಂಬ ಮಾತನ್ನು ಮೇಸ್ತ್ರಿ ನಿರೀಕ್ಷಿಸಿದ್ದ. ಬಾಗಿಲು ದಾಟುವಾಗಲೂ ಬೇಕೆಂದೇ ನಿಧಾನ ಮಾಡಿದ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಅವನು ಮೊದಲು ಹೋದದ್ದು ಊರಾಚೆಯ ದೊಡ್ಡ ಮಿಲ್ಲಿಗೆ. ಅಲ್ಲಿನ ಬಣ್ಣದ ವಿಭಾಗದಲ್ಲಿ ತೊಟ್ಟಿಗಳೇ ಕಾಣಲಿಲ್ಲ. ಮುಚ್ಚಿದ ಸ್ಟೀಲಿನ ಡ್ರಮ್ಮುಗಳು, ಪೈಪುಗಳು, ಒಂದು ಗಾಜಿನ ಕೋಣೆ. ಕೋಣೆಯಲ್ಲಿ ಮಗಳಿಗಿಂತ ತುಸು ದೊಡ್ಡವಳಾದ ಹುಡುಗಿಯೊಬ್ಬಳು ಬಟ್ಟೆಯ ಚೂರನ್ನು ಪೆಟ್ಟಿಗೆಯಂಥ ಯಂತ್ರದೊಳಗಿಟ್ಟು ಗುಂಡಿ ಒತ್ತಿದಳು. ಪರದೆಯ ಮೇಲೆ ಯಾವ ಬಣ್ಣ ಎಷ್ಟೆಂದು ಅಂಕಿಗಳು ಬಂದವು. ‘ಅಷ್ಟೇ ಸರ್’ ಎಂದಳು, ಸಂಕೋಚದಿಂದ. ಅವಳ ಮೇಲೆ ಅವನಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕುಡಿಯಲು ನೀರು ತಂದುಕೊಟ್ಟು, ಗೇಟಿನವರೆಗೆ ಬಂದು ದಾರಿ ತೋರಿಸಿದಳು.

ಎರಡನೆಯ ಕಡೆ ವಯಸ್ಸು ಕೇಳಿದರು. ಮೂರನೆಯ ಕಡೆ ಕಂಪ್ಯೂಟರ್ ಬರುತ್ತದೆಯೇ ಎಂದರು. ಗೋಡೆಯ ಬಣ್ಣ ಮಾರುವ ಅಂಗಡಿಯವನು ಮಾತ್ರ ಒಂದು ವಾರ ಇಟ್ಟುಕೊಂಡ. ಅಲ್ಲಿಯೂ ಬೆರೆಸುವುದು ಯಂತ್ರವೇ; ಇವನು ಡಬ್ಬಿ ಹೊತ್ತು ಗಿರಾಕಿಗಳ ವಾಹನಕ್ಕೆ ಇಡಬೇಕಿತ್ತು. ವಾರದ ಕೊನೆಗೆ ಬೆನ್ನು ಹಿಡಿದುಕೊಂಡು ಮಲಗಿದವನನ್ನು ಅಂಗಡಿಯವನು ಮತ್ತೆ ಕರೆಯಲಿಲ್ಲ.

ದಿನಗಳು ಅವನ ಕೈಯಿಂದ ಜಾರತೊಡಗಿದವು. ಬೆಳಿಗ್ಗೆ ಹೆಂಡತಿ ಮಿಲ್ಲಿಗೆ, ಮಗಳು ಕಾಲೇಜಿಗೆ ಹೊರಟರೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿಬಿಡುತ್ತಿತ್ತು. ಮೊದಮೊದಲು ನಲ್ಲಿಯ ವಾಷರ್ ಬದಲಾಯಿಸಿದ, ಕಿಟಕಿಯ ಕೊಂಡಿ ಸರಿಮಾಡಿದ, ಬಿಗಿಯಾಗಿದ್ದ ಕಪಾಟಿನ ಬಾಗಿಲನ್ನು ಹೆರೆದ. ರಿಪೇರಿಗೆ ಏನೂ ಉಳಿಯದಾದಾಗ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತ. ಎದುರು ಮನೆಯವರು ನೋಡುತ್ತಾರೆಂದು ಕುರ್ಚಿಯನ್ನು ಒಳಗೆ ಎಳೆದುಕೊಂಡ. ಗಡ್ಡ ಬೆಳೆಯಿತು. ಮಗಳ ಮೆಚ್ಚುಗೆಯ ನೋಟ ಯಾವಾಗ ಕಾಣೆಯಾಯಿತೋ ಅವನಿಗೆ ತಿಳಿಯಲಿಲ್ಲ. ಈಗ ಅವಳು ಅವನಿದ್ದ ಕೋಣೆಯನ್ನು ಸದ್ದಾಗದಂತೆ ದಾಟುತ್ತಿದ್ದಳು, ಕಾಯಿಲೆಯವರು ಮಲಗಿದ ಕೋಣೆಯನ್ನು ದಾಟುವ ಹಾಗೆ.

ಹೆಂಡತಿ ಸಂಜೆ ಬಂದು ಚಪ್ಪಲಿ ಬಿಡುತ್ತ, ‘ಎಲ್ಲಾದ್ರೂ ಹೋಗಿದ್ರಾ ಇವತ್ತು?’ ಎಂದು ಕೇಳುತ್ತಿದ್ದಳು. ಕೇಳುವುದರಲ್ಲಿ ಯಾವ ಕುಹಕವೂ ಇರಲಿಲ್ಲ. ಆದರೂ ಆ ಪ್ರಶ್ನೆ ಅವನಿಗೆ ಗಾಯದ ಮೇಲೆ ಎಳೆದ ಬರೆಯಂತಿರುತ್ತಿತ್ತು. ‘ಹೂಂ’ ಎನ್ನುತ್ತಿದ್ದ, ಹೋಗದಿದ್ದರೂ.

ಹೀಗಿರುವಾಗ ಹೆಂಡತಿಯ ಅಣ್ಣ ಒಂದು ಭಾನುವಾರ ಮನೆಗೆ ಬಂದ. ಮಾತುಗಾರ, ಆದರೆ ಒಳ್ಳೆಯವನೇ. ಭಾವನ ಗಡ್ಡ ನೋಡಿ ಮರುಗಿ, ಸಮಾಧಾನ ಹೇಳಲು ಹೊರಟ. ‘ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ ಭಾವ? ಹೆಂಡತೀಗೋಸ್ಕರ ಅಂತ ಕೈಲಿದ್ದ ಕೆಲಸಾನೇ ಬಿಟ್ಟುಕೊಟ್ರಲ್ಲ. ನನ್ನ ತಂಗಿ ಪುಣ್ಯ ಮಾಡಿದ್ಲು.’

ಮೇಸ್ತ್ರಿ ತಲೆ ತಗ್ಗಿಸಿ ಕಾಫಿ ಲೋಟವನ್ನು ತಿರುಗಿಸುತ್ತ, ತ್ಯಾಗ ಮಾಡಿದವನ ಮುಖ ಹೇಗಿರಬೇಕೋ ಹಾಗೆಯೇ ಇಟ್ಟುಕೊಂಡು ಕೂತ.

ಅಣ್ಣನನ್ನು ಬಸ್ಸಿಗೆ ಕಳಿಸಿ ಬಂದ ಹೆಂಡತಿ ಬಾಗಿಲು ಹಾಕಿ ಅಲ್ಲೇ ನಿಂತಳು.

‘ನನಗೋಸ್ಕರ ಬಿಟ್ರಾ ನೀವು?’

‘ಮತ್ತೆ ಯಾರಿಗೋಸ್ಕರ?’

‘ನಾನು ಬಿಡ್ತೀನಿ ಅಂದಿರಲಿಲ್ವಾ? ನನ್ನ ಕೆಲಸಕ್ಕೆ ಯಾರು ಕಾಯ್ಕೊಂಡು ಕೂತಿದಾರೆ ಅಂದ್ರಿ. ನೀವು ಬಿಟ್ಟಿದ್ದು ನಿಮ್ಮ ಕೈ ಮೇಲಿನ ಜಂಬಕ್ಕೆ. ಹೊರಗೆ ಎಲ್ಲರೂ ಕೈಮುಗಿದು ಕರೀತಾರೆ ಅಂದ್ಕೊಂಡ್ರಿ. ಕರೀಲಿಲ್ಲ. ಅದು ನಿಮ್ಮ ತಪ್ಪಲ್ಲ, ನನಗೂ ಗೊತ್ತು. ಆದ್ರೆ ಆ ಭಾರಾನ ನನ್ನ ತಲೆ ಮೇಲೆ ಹೊರಿಸಬೇಡಿ. ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೊರಡೋವಾಗ ನಾನೇನೋ ಕದ್ದುಕೊಂಡು ಹೋಗ್ತಿರೋ ಹಾಗೆ ನೋಡ್ತೀರ.’

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರ ಪೈಕಿ ತಾನು ಎಂದು ಅವನಿಗೆ ಗೊತ್ತಿತ್ತು. ಆದರೆ ಮಣ್ಣಾದ ಮೀಸೆಯನ್ನು ಇಷ್ಟು ದಿನ ಅವಳು ನೋಡಿಯೂ ಸುಮ್ಮನಿದ್ದಳೆಂದು ಗೊತ್ತಿರಲಿಲ್ಲ. ಆಮೇಲೆ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮಾತಾಡಿ ಮುಗಿಸಿದವಳ ಹಾಗೆ ಬಟ್ಟೆ ಒಗೆಯಲು ಹೋದಳು.

ಮರುದಿನ ಅವನು ಗಡ್ಡ ಬೋಳಿಸಿಕೊಂಡು ಗೋದಾಮಿನ ಮೀಸೆಯ ಮನೆಗೆ ಹೋದ. ಮೀಸೆಯ ಮನೆಯಲ್ಲೂ ಉಳಿದದ್ದು ಹೆಂಡತಿಯ ಕೆಲಸವೇ. ಅವನು ಮಾತ್ರ ಹತ್ತೇ ದಿನಕ್ಕೆ ಇನ್ನೊಂದು ಹಿಡಿದಿದ್ದ. ಕಾಯಿಲೆಯವರನ್ನು, ವಯಸ್ಸಾದವರನ್ನು ನೋಡಿಕೊಳ್ಳಲು ಮನೆಮನೆಗೆ ಜನ ಕಳಿಸುವ ಏಜೆನ್ಸಿಯೊಂದಿತ್ತು.

‘ಮೂಟೆ ಎತ್ತೋನಿಗೆ ಮುದುಕರನ್ನ ಎತ್ತೋದು ಯಾವ ಮಹಾ’ ಎಂದ ಮೀಸೆ. ‘ಒಂದೇ ವ್ಯತ್ಯಾಸ. ಮೂಟೆ ಬೈಯಲ್ಲ.’

‘ಅವರದ್ದು ಎಲ್ಲಾನೂ ತೊಳೀಬೇಕಾ?’

‘ಎಲ್ಲಾನೂ ತೊಳೀಬೇಕು. ಮೊದಲನೇ ದಿನ ವಾಂತಿ ಬರುತ್ತೆ. ಎರಡನೇ ದಿನ ಅಳು ಬರುತ್ತೆ. ಆಮೇಲೆ ಏನೂ ಬರಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತೆ.’

ಏಜೆನ್ಸಿಯ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, ಕೈ ಚಾಚಲು ಹೇಳಿದಳು. ಉಗುರಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ನೀಲಿ ಇನ್ನೂ ಹೋಗಿರಲಿಲ್ಲ. ‘ಇದು ಕೊಳೆಯಲ್ಲ ತಾನೆ?’ ಎಂದಳು. ಅಲ್ಲ ಎಂದ. ಒಂದು ವಾರ ತರಬೇತಿ ಕೊಟ್ಟರು: ಮಲಗಿದವರನ್ನು ಬೆನ್ನು ನೋಯದಂತೆ ಹೊರಳಿಸುವುದು, ಮಂಚದಿಂದ ಕುರ್ಚಿಗೆ ದಾಟಿಸುವುದು, ಮಲಗಿ ಮಲಗಿ ಚರ್ಮ ಹುಣ್ಣಾಗದಂತೆ ನೋಡಿಕೊಳ್ಳುವುದು. ಆಮೇಲೆ ಒಬ್ಬ ನಿವೃತ್ತ ಜಡ್ಜ್ ಮನೆಗೆ ಕಳಿಸಿದರು.

ಜಡ್ಜ್ ಇದ್ದದ್ದು ಮೂರನೆಯ ಮಹಡಿಯಲ್ಲಿ, ಮಗಳ ಮನೆಯಲ್ಲಿ. ಎತ್ತರದ ಆಳು, ಈಗ ಆ ಎತ್ತರವೆಲ್ಲ ಕುರ್ಚಿಯಲ್ಲಿ ಮಡಚಿ ಕೂತಿತ್ತು. ನೆನಪು ಕೈಕೊಟ್ಟಿತ್ತು. ಹೆಂಡತಿ ತೀರಿಕೊಂಡದ್ದು ನೆನಪಿಲ್ಲ, ಮಗಳ ಗುರುತು ಒಂದೊಂದು ಹೊತ್ತು ಹತ್ತುವುದಿಲ್ಲ. ಆದರೆ ಕೋರ್ಟು ಮಾತ್ರ ತಲೆಯೊಳಗೆ ದಿನವೂ ನಡೆಯುತ್ತಿತ್ತು. ಮಗಳು ಯಾವುದೋ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಮೊದಲ ದಿನ ಔಷಧಿ, ಟವೆಲ್, ಬಚ್ಚಲು ಎಲ್ಲ ತೋರಿಸಿ, ‘ಅವರು ಏನಂದ್ರೂ ಮನಸ್ಸಿಗೆ ಹಚ್ಕೋಬೇಡಿ’ ಎಂದು ಹೇಳಿ ಹೋದಳು.

ಮೇಸ್ತ್ರಿ ಸ್ನಾನದ ನೀರಿಗೆ ಮೊಳಕೈ ಅದ್ದಿ ಬಿಸಿ ನೋಡಿದ. ತೊಟ್ಟಿಯ ಕಾಲದ ಅಭ್ಯಾಸ. ಅಂಗಿಯ ಗುಂಡಿ ಬಿಚ್ಚಲು ಹೋದಾಗ ಜಡ್ಜ್ ಅವನ ಕೈ ಹಿಡಿದುಕೊಂಡರು. ಉಗುರುಗಳನ್ನು ಒಂದೊಂದಾಗಿ ನೋಡಿದರು.

‘ಇದೇನು ಕೈಯಲ್ಲಿ?’

‘ಬಣ್ಣ ಸ್ವಾಮಿ.’

‘ಹೂಂ. ಏನು ಕೇಸು?’

ಮೇಸ್ತ್ರಿ, ‘ಕೆಲಸ ಹೋಯ್ತು ಸ್ವಾಮಿ’ ಎಂದ.

‘ಕಳ್ಳತನಾನಾ?’

‘ಇಲ್ಲ ಸ್ವಾಮಿ. ನಾನೇ ಬಿಟ್ಟೆ.’

‘ಯಾರ ಒತ್ತಡದಿಂದ?’

ಮೇಸ್ತ್ರಿ ಬಗ್ಗಿ ಅವರ ಚಪ್ಪಲಿ ಕಳಚತೊಡಗಿದ. ಜಡ್ಜ್, ‘ಮುಂದಿನ ವಾಯಿದೆಗೆ ಬಾ’ ಎಂದರು. ಬಳಿಕ ಮಗುವಿನಂತೆ ಎರಡೂ ತೋಳು ಮೇಲೆತ್ತಿ ಅಂಗಿ ಬಿಚ್ಚಿಸಿಕೊಂಡರು.

ಮೀಸೆ ಹೇಳಿದಂತೆಯೇ ಆಯಿತು. ಮೊದಲ ದಿನ ಬಚ್ಚಲಿನಲ್ಲಿ ವಾಂತಿ ಮಾಡುವಾಗ, ನಲ್ಲಿ ಜೋರಾಗಿ ತಿರುಗಿಸಿ ಸದ್ದು ಮುಚ್ಚಿಕೊಂಡ. ಎರಡನೆಯ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಆಮೇಲೆ ನಿಜವಾಗಿಯೂ ಏನೂ ಬರಲಿಲ್ಲ. ಬೆಳಿಗ್ಗೆ ಸ್ನಾನ, ಗಡ್ಡ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ವಾಯಿದೆ. ದಿನವೂ ಕೇಸು ಹೊಸದಾಗಿ ಶುರುವಾಗುತ್ತಿತ್ತು. ದಿನವೂ ಮುಂದಕ್ಕೆ ಹೋಗುತ್ತಿತ್ತು. ಒಮ್ಮೆ ಸಾಕ್ಷಿ ಯಾರೆಂದು ಕೇಳಿದರು. ಹೆಂಡತಿ ಎಂದ. ‘ಹೆಂಡತಿ ಸಾಕ್ಷಿ ಗಂಡನ ಪರವಾಗಿರುತ್ತೆ, ನಂಬೋಕಾಗಲ್ಲ’ ಎಂದರು ಜಡ್ಜ್. ‘ನನ್ನ ಹೆಂಡತಿ ಅಂಥವಳಲ್ಲ ಸ್ವಾಮಿ’ ಎಂದ ಮೇಸ್ತ್ರಿ. ಎಷ್ಟೋ ದಿನಗಳ ನಂತರ ಅವನ ಬಾಯಿಂದ ಬಂದ ತಮಾಷೆ ಅದು. ಹೇಳಿದ ಮೇಲೆ ಅದು ತಮಾಷೆಯಲ್ಲ ಎನ್ನಿಸಿತು.

ಮನೆಯಲ್ಲಿ ಅವನು ಕೆಲಸದ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಮಗಳು ಗೆಳತಿಯರಿಗೆ ‘ಅಪ್ಪ ಒಂದು ಮನೆಯಲ್ಲಿ ಮೇಲ್ವಿಚಾರಣೆ ಮಾಡ್ತಾರೆ’ ಎಂದು ಫೋನಿನಲ್ಲಿ ಹೇಳುವುದು ಕಿವಿಗೆ ಬಿತ್ತು. ಅವನಿಗೆ ನೋವಾಯಿತು. ಆದರೆ ಅವಳ ಮೇಲೆ ಕೋಪ ಬರಲಿಲ್ಲ. ಯಾರಾದರೂ ಕೇಳಿದರೆ ತಾನೂ ಹಾಗೆಯೇ ಸುತ್ತುಬಳಸಿ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಜಡ್ಜ್ ಎದ್ದಾಗಲೇ ಗಂಭೀರವಾಗಿದ್ದರು. ಸ್ನಾನ ಮುಗಿಸಿ, ತಲೆ ಬಾಚಿಸಿಕೊಂಡು, ಕುರ್ಚಿಯ ಕೈಗಳ ಮೇಲೆ ಅಂಗೈ ಊರಿ ಕೂತರು. ಮೇಸ್ತ್ರಿ ಬ್ರೆಡ್ಡಿನ ಬಟ್ಟಲು ಹಿಡಿದು ಎದುರು ನಿಂತಿದ್ದ. ಜಡ್ಜ್ ಅವನನ್ನು ನೇರವಾಗಿ ನೋಡಿ, ತುಂಬು ದನಿಯಲ್ಲಿ, ‘ವಜಾ’ ಎಂದರು.

‘ಏನು ಸ್ವಾಮಿ?’

‘ವಜಾ ಮಾಡಿದ್ದೀನಿ. ಹೋಗು. ನಾಳೆಯಿಂದ ಬರಬೇಕಾಗಿಲ್ಲ.’

ಮೇಸ್ತ್ರಿ ಬಟ್ಟಲನ್ನು ಮೇಜಿನ ಮೇಲಿಟ್ಟ. ಮುದುಕರಿಗೆ ಏನೂ ನೆನಪಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದೂ ಗೊತ್ತಿತ್ತು. ಆದರೆ ಕಾಲು ಕೇಳಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಮಿಲ್ಲಿನಲ್ಲಿ ಆ ಮಾತನ್ನು ಯಾರೂ ಅವನ ಮುಖಕ್ಕೆ ಹೇಳಿರಲಿಲ್ಲ. ನಿಮ್ಮಿಷ್ಟ ಎಂದಿದ್ದರು. ತಾನೇ ನಡೆದು ಹೊರಗೆ ಬಂದವನು ಎಂಬ ಒಂದು ಎಳೆಯನ್ನು ಹಿಡಿದುಕೊಂಡೇ ಅವನು ಇಷ್ಟು ದಿನ ಬದುಕಿದ್ದ. ಈಗ ಆ ಎಳೆಯೂ ಕಡಿಯಿತು. ಅವನು ಬಿಟ್ಟದ್ದಲ್ಲ; ಅವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದರೆ ಬಾಗಿಲ ಬಳಿ ನಿಧಾನ ಮಾಡಿದಾಗ ಯಾರಾದರೂ ಕರೆಯುತ್ತಿದ್ದರು.

ಅವತ್ತು ಜಡ್ಜ್ ಮಗಳಿಗೆ ಕಾಲೇಜಿರಲಿಲ್ಲ. ಅಪ್ಪ ಒಬ್ಬರೇ ಇರುವುದನ್ನು ನೋಡಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ಬಗ್ಗಿ ಕೂತವನನ್ನು ನೋಡಿ ಗಾಬರಿಯಾಗಿ, ‘ಏನಾಯ್ತು? ಹೊಡೆದ್ರಾ?’ ಎಂದಳು.

‘ಇಲ್ಲಮ್ಮ. ವಜಾ ಅಂದ್ರು.’

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಅಯ್ಯೋ, ಅದು ಕೇಸು ವಜಾ ಅಂತ. ನಿಮ್ಮ ಮೇಲಿನ ಕೇಸನ್ನ ತೆಗೆದುಹಾಕಿದಾರೆ ಅಷ್ಟೆ. ಒಳ್ಳೇದೇ ಅಲ್ವಾ ಅದು?’

‘ಹೌದಮ್ಮ’ ಎಂದ. ಎದ್ದು ನಿಲ್ಲಲು ಗೋಡೆ ಹಿಡಿದುಕೊಂಡ. ಅವಳು ಇನ್ನೇನೂ ಕೇಳದೆ ಒಳಗೆ ಹೋಗಿ ಅವನಿಗೂ ಒಂದು ಲೋಟ ಕಾಫಿ ಮಾಡಿದಳು. ಅವನು ಒಳಗೆ ಬಂದಾಗ ಜಡ್ಜ್ ಬಟ್ಟಲನ್ನೇ ನೋಡುತ್ತ ಹಸಿದುಕೊಂಡು ಕೂತಿದ್ದರು. ಮೊದಲ ಚಮಚ ಬಾಯಿಗಿಡುವಾಗ, ‘ಹೊಸಬನಾ?’ ಎಂದು ಕೇಳಿದರು.

ಅದಾಗಿ ಬಹಳ ದಿನವಾಗಿರಲಿಲ್ಲ, ಮಿಲ್ಲು ಮುಚ್ಚಿತು. ಮನೆಗೊಬ್ಬರು ಎಂದು ಉಳಿದಿದ್ದವರನ್ನೂ ಸೇರಿಸಿ ಎಲ್ಲರನ್ನೂ ಅದೇ ಊಟದ ಹಾಲಿಗೆ ಕರೆಸಿ ಹೇಳಿದರಂತೆ. ಈ ಸಲ ಮ್ಯಾನೇಜರು ಬಂದಿರಲಿಲ್ಲ. ಅವರ ಕೆಲಸವೂ ಹೋಗಿತ್ತು.

ಹೆಂಡತಿ ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಮೇಸ್ತ್ರಿ ಸಂಜೆ ಬಂದಾಗ ಮಂಚದ ಅಂಚಿನಲ್ಲಿ ಕೂತಿದ್ದಳು, ಮುಟ್ಟದ ಟಿಫಿನ್ ಡಬ್ಬಿ ಪಕ್ಕದಲ್ಲಿತ್ತು. ವಿಷಯ ಕೇಳಿದ ಕ್ಷಣ ಅವನೊಳಗೆ ಎದ್ದದ್ದು ದುಃಖವಲ್ಲ. ಒಂದು ಬಗೆಯ ಹಗುರ. ಇನ್ನು ಬೆಳಿಗ್ಗೆ ಅವಳು ಹೊರಡುವುದನ್ನು ನೋಡಬೇಕಾಗಿಲ್ಲ, ಈಗ ಇಬ್ಬರೂ ಒಂದೇ. ಆ ಹಗುರವನ್ನು ಕಂಡು ಅವನಿಗೇ ಅಸಹ್ಯವಾಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ಬಿಟ್ಟುಕೊಟ್ಟ ಕೆಲಸವೂ ಹೋಯಿತು, ಉಳಿಸಿಕೊಂಡ ಕೆಲಸವೂ ಹೋಯಿತು. ಜಗಳ, ಗಡ್ಡ, ಸುಳ್ಳು, ಇವಳು ನುಂಗಿಕೊಂಡ ಮಾತು, ಎಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ಹಿಂಡಿದ ಹಾಗೆ.

‘ಏನಾದ್ರೂ ತಿಂದ್ಯಾ?’ ಎಂದ.

ಅವಳು ತಲೆಯಾಡಿಸಿದಳು. ಬೇಡ ಎಂದೋ, ಇಲ್ಲ ಎಂದೋ.

ಅವಳು ಅವನ ಹಾಗೆ ಕಿಟಕಿಯ ಬಳಿ ಕೂರಲಿಲ್ಲ. ಮಲಗಿದಳು. ಎದ್ದು ಅಡುಗೆ ಮಾಡಿ, ಬಡಿಸಿ, ಮತ್ತೆ ಮಲಗುತ್ತಿದ್ದಳು. ಅವಳ ಸೊಂಟದ ನೋವು ವಾಸಿಯಾಗುವ ಬದಲು ಜಾಸ್ತಿಯಾಯಿತು. ಒಂದು ಸಂಜೆ ಚಪ್ಪಲಿ ಬಿಡುತ್ತ ಅವನ ಬಾಯಿಂದ ತಾನಾಗಿ ಬಂದುಬಿಟ್ಟಿತು: ‘ಎಲ್ಲಾದ್ರೂ ಹೋಗಿದ್ಯಾ ಇವತ್ತು?’

ಅವಳು ಕೋಣೆಯೊಳಗಿಂದಲೇ, ‘ಹೂಂ’ ಎಂದಳು.

ಅವನು ಬಾಗಿಲಲ್ಲೇ ನಿಂತ. ಅವಳು ಎಲ್ಲಿಗೂ ಹೋಗಿಲ್ಲವೆಂದು ಅವನಿಗೆ ಗೊತ್ತಾಯಿತು. ತನ್ನ ಹೂಂಗಳೂ ಅವಳಿಗೆ ಗೊತ್ತಾಗಿದ್ದವು ಎಂಬುದೂ ಆಗಲೇ ಗೊತ್ತಾಯಿತು. ‘ಹೋಗದಿದ್ರೂ ಪರವಾಗಿಲ್ಲ’ ಎಂದ. ಅವಳು ಗೋಡೆಯ ಕಡೆ ಹೊರಳಿದಳು. ಅವನು ಒಳಗೆ ಹೋಗಿ ತರಕಾರಿ ಹೆಚ್ಚತೊಡಗಿದ. ಮಗಳು ಬಂದು ಅಪ್ಪನ ಕೈಯಿಂದ ಚಾಕು ತೆಗೆದುಕೊಂಡಳು. ‘ಇಷ್ಟು ದಪ್ಪ ಹೆಚ್ಚಿದ್ರೆ ಬೇಯುತ್ತಾ ಅಪ್ಪ?’ ಎಂದಳು. ಬಹಳ ದಿನಗಳ ಮೇಲೆ ಅವಳು ಅವನ ಪಕ್ಕದಲ್ಲಿ ನಿಂತಿದ್ದಳು.

ಜಡ್ಜ್ ತೀರಿಕೊಂಡದ್ದು ಒಂದು ಮಧ್ಯಾಹ್ನ, ಕುರ್ಚಿಯಲ್ಲೇ. ಮೇಸ್ತ್ರಿ ಟವೆಲ್ ಒಣಹಾಕಿ ಬರುವಷ್ಟರಲ್ಲಿ ತಲೆ ಒಂದು ಬದಿಗೆ ವಾಲಿತ್ತು. ಅವನು ಮುಟ್ಟಿ ನೋಡಿ, ಅವರ ಮಗಳಿಗೆ ಫೋನು ಮಾಡಿ, ಅವಳು ಬರುವವರೆಗೆ ಪಕ್ಕದಲ್ಲಿ ಕೂತ. ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು, ಹಾಕಿದ. ಬಾಯಿಯ ಅಂಚು ಒರೆಸಿದ. ಮಗಳು ಬಂದು ಅಪ್ಪನ ಕಾಲ ಬಳಿ ಕುಸಿದಾಗ, ಅವಳ ಕೈಚೀಲ ಎತ್ತಿಟ್ಟು ಕೋಣೆಯಿಂದ ಆಚೆ ಬಂದ. ಸಂಜೆ ಹೊರಡುವಾಗ ಅವಳು, ‘ನಾಳೆ...’ ಎಂದು ಶುರುಮಾಡಿ, ಮುಂದೆ ಹೇಳಲಾಗದೆ ಅವನ ಮುಖ ನೋಡಿದಳು.

‘ಗೊತ್ತಮ್ಮ’ ಎಂದ.

ಮನೆಗೆ ಬಂದು, ಅಡುಗೆಮನೆಯಲ್ಲಿ ನೀರು ಕುಡಿಯುತ್ತ, ‘ಕೆಲಸ ಹೋಯ್ತು’ ಎಂದು ಹೆಂಡತಿಗೆ ಹೇಳಿದ. ‘ಮುದುಕರು ಹೋದ್ರು’ ಎಂದು ಸೇರಿಸಲು ಬಾಯಿ ತೆರೆದವನು ಲೋಟ ಕೈಯಲ್ಲಿ ಹಿಡಿದೇ ಅಳತೊಡಗಿದ. ಮಿಲ್ಲು ಬಿಟ್ಟಾಗ ಅತ್ತಿರಲಿಲ್ಲ, ಹೆಂಡತಿ ಬೈದಾಗ ಅತ್ತಿರಲಿಲ್ಲ. ಈಗ ಭುಜ ಕುಲುಕುವಂತೆ, ಸದ್ದು ಮಾಡಿ ಅತ್ತ. ಹೆಂಡತಿ ಅವನ ಕೈಯಿಂದ ಲೋಟ ಬಿಡಿಸಿಕೊಂಡು ಕಟ್ಟೆಯ ಮೇಲಿಟ್ಟಳು. ಅವನ ಬೆನ್ನ ಮೇಲೆ ಕೈಯಿಟ್ಟು ಹಾಗೇ ನಿಂತಳು.

‘ಅವರು ನಿಮ್ಮನ್ನ ಚೆನ್ನಾಗಿ ನೋಡ್ಕೊಂಡ್ರಾ?’ ಎಂದು ಎಷ್ಟೋ ಹೊತ್ತಿನ ಮೇಲೆ ಕೇಳಿದಳು.

‘ನಾನು ಅವರನ್ನ ನೋಡ್ಕೊಂಡಿದ್ದು ಕಣೇ.’

‘ಅದು ಗೊತ್ತು. ಆದ್ರೂ ಕೇಳಿದೆ.’

ಅವತ್ತು ಮೊದಲ ಬಾರಿಗೆ ಅವನು ಅವಳಿಗೆ ಎಲ್ಲ ಹೇಳಿದ. ಬಚ್ಚಲಿನಲ್ಲಿ ವಾಂತಿ ಮಾಡಿದ್ದು, ಕೋರ್ಟು, ಸಾಕ್ಷಿ, ಮೆಟ್ಟಿಲ ಮೇಲೆ ಕೂತದ್ದು. ಮ್ಯಾನೇಜರ ಬಾಗಿಲಲ್ಲಿ ನಿಧಾನ ಮಾಡಿದ್ದನ್ನೂ ಹೇಳಿದ. ಅವಳು ಕೇಳುತ್ತ ಕೂತಳು. ಅದು ಮುಗಿದ ಮೇಲೆ, ‘ನಾನೂ ನಿಧಾನ ಮಾಡಿದ್ದೆ’ ಎಂದಳು. ‘ಕೊನೇ ದಿನ. ಗೇಟಿನ ಹತ್ರ.’

ಏಜೆನ್ಸಿಯವರು ಅವನಿಗೆ ಇನ್ನೊಂದು ಮನೆ ಕೊಟ್ಟರು. ಹೆಂಡತಿಯನ್ನೂ ಕರೆದುಕೊಂಡು ಬಾ, ಹೆಂಗಸರಿಗೆ ಬೇಡಿಕೆ ಜಾಸ್ತಿ ಎಂದರು. ಅವಳು ಒಂದು ದಿನ ಜೊತೆಗೆ ಹೊರಟಳು. ಏಜೆನ್ಸಿಯ ಬೆಂಚಿನ ಮೇಲೆ ಕೂತು, ಅಲ್ಲಿ ಸಾಲಾಗಿ ಕಾಯುತ್ತಿದ್ದ ಹೆಂಗಸರನ್ನು ನೋಡಿ, ಅವರಲ್ಲಿ ಅರ್ಧದಷ್ಟು ಮಿಲ್ಲಿನವರೇ ಎಂದು ಗುರುತು ಹತ್ತಿ, ಎದ್ದುಬಿಟ್ಟಳು. ‘ನನ್ನ ಕೈಲಾಗಲ್ಲ ರೀ’ ಎಂದಳು. ಅವನು ಒತ್ತಾಯ ಮಾಡಲಿಲ್ಲ. ಬಸ್ ಸ್ಟಾಪಿನವರೆಗೆ ಹೋಗಿ ಅವಳನ್ನು ಹತ್ತಿಸಿ ಬಂದ.

ಮುಂದಿನ ತಿಂಗಳು, ಅವನಿಗೂ ಹೇಳದೆ, ಅವಳು ಒಬ್ಬಳೇ ಹೋಗಿ ಔಷಧಿ ಗೋದಾಮಿನಲ್ಲಿ ಕೆಲಸ ಕೇಳಿ ಬಂದಳು. ಪೆಟ್ಟಿಗೆ ತುಂಬುವ ಕೆಲಸ. ನಿಂತೇ ಮಾಡಬೇಕು, ಸಂಬಳ ಮಿಲ್ಲಿನದಕ್ಕಿಂತ ಕಡಿಮೆ, ಯಾವಾಗ ಬೇಕಾದರೂ ಬೇಡ ಎನ್ನಬಹುದು. ಸಂಜೆ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತಾಳೆ. ಆದರೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚುವುದು ಮತ್ತೆ ಶುರುವಾಗಿದೆ.

ಮೇಸ್ತ್ರಿಯ ಹೊಸ ಮನೆಯಲ್ಲಿರುವುದು ಒಬ್ಬ ಬಸ್ ಡ್ರೈವರ್. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿದೆ, ಒಂದು ಕೈ ಮಾತ್ರ ಆಡುತ್ತದೆ. ಚಮಚ ತಡವಾದರೆ ಆ ಕೈಯಿಂದ ಮಂಚದ ಪಟ್ಟಿಯನ್ನು ಹಾರನ್ ಒತ್ತಿದ ಹಾಗೆ ಒತ್ತುತ್ತಾನೆ, ಗಂಟಲಲ್ಲಿ ಪೀಂ ಎಂದು ಸದ್ದು ಮಾಡುತ್ತಾನೆ. ಎದುರಿಗೆ ತನ್ನ ಹೆಂಡತಿ ಅಡ್ಡ ಬಂದರಂತೂ ಎರಡೆರಡು ಸಲ. ಊಟಕ್ಕೆ ಕೂತಾಗ ಮೇಸ್ತ್ರಿ ಅದನ್ನು ಮಾಡಿ ತೋರಿಸಿದ. ಮಗಳು ನಕ್ಕಳು. ಹೆಂಡತಿಯೂ ತುತ್ತು ನುಂಗಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಮುಖದ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ.

‘ಮಿಲ್ಲಿನ ಗೋಡೆ ಒಡೀತಿದಾರಂತೆ’ ಎಂದಳು.

‘ಹೂಂ. ಬಸ್ಸಿಂದ ಕಾಣಿಸ್ತು.’

‘ಬಣ್ಣದ ಕಡೆಯದ್ದಾ, ನಮ್ಮ ಕಡೆಯದ್ದಾ?’

‘ಎರಡೂ’ ಎಂದ ಮೇಸ್ತ್ರಿ. ಪಾತ್ರೆಯಲ್ಲಿ ಉಳಿದಿದ್ದನ್ನು ಅವಳ ತಟ್ಟೆಗೆ ಬಡಿಸಿದ. ಅವಳು ಸಾಕು ಎಂದಳು, ಆಮೇಲೆ ತಿಂದಳು.